ಮನೆಗೆ ಬಂದ ಗೆಳೆಯರ ಜೊತೆ ಬುಡಾಪೆಸ್ಟ್‌ಗೆ

ಪರದೇಶದಲ್ಲಿ ಮನೆ ಮಾಡಿಕೊಂಡವರಿಗೆ ಊರಿಂದ ಗೆಳೆಯರು ಬರುತ್ತಾರೆ ಅಂದರೆ ಹಬ್ಬವೇ ಸರಿ. ಆದರೆ ಅದರಲ್ಲೊಂದು ತೊಡಕೂ ಇದೆ. ನಾವಿರುವ ಊರು ತೋರಿಸೋಕೆ ಹೊರಟರೆ ನಾವು ಗೈಡ್ ಆಗಿಬಿಡುತ್ತೇವೆ, ಬಂದವರು ಸುಮ್ನೆ ಹಿಂದೆ ಹಿಂದೆ ನಡೆಯುತ್ತಾರೆ. ನಾವು ಹೇಳಿದ್ದಕ್ಕೆಲ್ಲ ಅವರು ತಲೆ ಆಡಿಸಬೇಕು, ಅವರಿಗೆ ಸುಸ್ತಾದರೆ ಹೇಳೋಕೆ ಸಂಕೋಚ. ಅದಕ್ಕೇ ಈ ಸಲ ನಾವು ಬೇರೆ ಥರ ಯೋಚಿಸಿದೆವು. ವಿಯೆನ್ನಾದ ನಮ್ಮ ಮನೆಯಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ ನಮಗೂ ಹೊಸದು ಅವರಿಗೂ ಹೊಸದು ಅನ್ನುವಂಥ ಊರಿಗೆ ಎಲ್ಲರೂ ಸೇರಿ ಹೋಗೋಣ ಅಂತ. ಬುಡಾಪೆಸ್ಟ್ ಇಲ್ಲಿಂದ ರೈಲಿನಲ್ಲಿ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಷ್ಟು ಹತ್ತಿರ ಇದ್ದರೂ ನಾವಿಬ್ಬರೂ ಅಲ್ಲಿಗೆ ಹೋಗಿರಲಿಲ್ಲ.

ಬಂದವರು ನನ್ನ ಕಾಲೇಜು ಗೆಳತಿ, ಅವಳ ಗಂಡ, ಜೊತೆಗೆ ಅವಳ ಅಮ್ಮ. ಅಮ್ಮನಿಗೆ ಎಪ್ಪತ್ತು ದಾಟಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು. ಮಂಡಿ ನೋವಿದೆ, ಆದರೆ ಊರು ನೋಡುವ ಆಸೆ ನಮ್ಮೆಲ್ಲರಿಗಿಂತ ಜಾಸ್ತಿ.

ಮಂಗಳವಾರ

ವಿಮಾನ ಮಧ್ಯಾಹ್ನ ಇಳಿಯಿತು. ಅವತ್ತು ಏನೂ ನೋಡುವುದು ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಬಂದವರನ್ನು ಅದೇ ಸಂಜೆ ಊರು ಸುತ್ತಿಸೋದು ನನಗೆ ಸರಿ ಕಾಣುವುದಿಲ್ಲ. ಸ್ನಾನ, ಊಟ ಆಯಿತು. ಬೇಗ ಮಲಗಿಬಿಟ್ಟರೆ ನಡುರಾತ್ರಿ ಎಚ್ಚರ ಆಗುತ್ತೆ ಅಂತ ಕತ್ತಲಾಗುವ ತನಕ ಮಾತಾಡಿಸುತ್ತಾ ಕೂರಿಸಿಕೊಂಡೆವು.

ನಾನು ನಲ್ಲಿಯಿಂದ ನೇರ ಲೋಟಕ್ಕೆ ನೀರು ಹಿಡಿದು ಕೊಟ್ಟಿದ್ದು ನೋಡಿ ಅಮ್ಮ, "ಹಂಗೇ ಕುಡೀಬಹುದೇನೇ?" ಅಂದರು. ಧಾರಾಳವಾಗಿ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟಗಳ ಒರತೆ ನೀರು. ಮೊದಲ ಕಾಲುವೆ 1873ರಲ್ಲಿ, ಎರಡನೆಯದು 1910ರಲ್ಲಿ ಶುರುವಾಯಿತು. ಬೆಟ್ಟದಿಂದ ಇಳಿಜಾರಿನಲ್ಲೇ ಹರಿದು ಬರುತ್ತೆ. ಅಮ್ಮ ಇನ್ನೊಂದು ಲೋಟ ಕೇಳಿದರು. ನಾನು ಈ ಊರಿನಲ್ಲಿ ಯಾರಿಗೇ ಆಗಲಿ ಮೊದಲು ತೋರಿಸುವುದು ಈ ನೀರನ್ನೇ.

ಬುಧವಾರ

ಷೋನ್‌ಬ್ರುನ್ ಅರಮನೆಯ ತೋಟಕ್ಕೆ ಮಾತ್ರ ಹೋದೆವು. ತೋಟಕ್ಕೆ ಟಿಕೆಟ್ ಇಲ್ಲ, ಬೆಂಚುಗಳು ಬೇಕಾದಷ್ಟಿವೆ, ಹೊಸ ಹವೆಗೆ ಮೈ ಒಗ್ಗಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಲ್ಲಿಂದ ಒಂದು ಹಳೆಯ ಕಾಫಿ ಮನೆಗೆ. ಇಲ್ಲಿ ಕಾಫಿ ಜೊತೆ ಪುಟ್ಟ ತಟ್ಟೆಯಲ್ಲಿ ಒಂದು ಲೋಟ ನೀರೂ ಬರುತ್ತೆ, ಒಂದೇ ಕಾಫಿಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರೂ ಏಳಿ ಅನ್ನುವುದಿಲ್ಲ. ಅಲ್ಲೇ ಬುಡಾಪೆಸ್ಟ್ ಮ್ಯಾಪ್ ಬಿಡಿಸಿಕೊಂಡು ಕೂತಾಗ ಅಮ್ಮ ಕೇಳಿದರು: "ಅಮೃತಾ ಶೇರ್‌ಗಿಲ್ ಹುಟ್ಟಿದ ಊರಲ್ವೇನೇ ಅದು? ಆ ಮನೆ ಎಲ್ಲಿದೆ ಅಂತ ನೋಡಿ. ನನಗೆ ಬೇರೇನೂ ಬೇಡ, ಅದೊಂದು ನೋಡಿದರೆ ಸಾಕು." ನಮ್ಮ ದೇಶದ ಆ ಹೆಸರಾಂತ ಚಿತ್ರಕಲಾವಿದೆ ಅಲ್ಲಿ ಹುಟ್ಟಿದ್ದು ಅಂತ ನನಗಾಗಲಿ ನಮ್ಮವರಿಗಾಗಲಿ ಗೊತ್ತೇ ಇರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳತೀರದು. ವಿಯೆನ್ನಾದಲ್ಲಿ ನಾನು ಹೇಳುವವಳು, ಅವರು ಕೇಳುವವರು. ಬುಡಾಪೆಸ್ಟ್ ಅಂದ ಕೂಡಲೇ ಅಮ್ಮನಿಗೆ ನಮಗಿಂತ ಜಾಸ್ತಿ ಗೊತ್ತಿತ್ತು. ನಾವು ಬಯಸಿದ್ದೂ ಇದನ್ನೇ ಅಲ್ವಾ?

ಆಮೇಲೆ ಕೆಲಸ ಹಂಚಿಕೊಂಡೆವು. ಟ್ರಾಮು, ಬಸ್ಸು, ಟಿಕೆಟ್ ಎಲ್ಲಾ ಗೆಳತಿಯ ಗಂಡನ ಪಾಲು. ಅಲ್ಲಿನ ಬುಡಾಪೆಸ್ಟ್‌ಗೋ ಆ್ಯಪ್ ಆಗಲೇ ಅವರ ಫೋನಿಗೆ ಬಂದಾಗಿತ್ತು. ಊಟ ಗೆಳತಿಯದು, ಖರ್ಚಿನ ಲೆಕ್ಕ ನಮ್ಮವರದು. ದಿನಕ್ಕೆ ಟಿಕೆಟ್ ತಗೊಂಡು ನೋಡುವಂಥದ್ದು ಒಂದೇ, ಮಿಕ್ಕಿದ್ದೆಲ್ಲಾ ಮನಸ್ಸಿಗೆ ಬಂದ ಹಾಗೆ ಅಂತ ತೀರ್ಮಾನ ಆಯಿತು. ವಯಸ್ಸಾದವರು ಜೊತೆಗಿದ್ದರೆ ಇದೊಂದು ನಿಯಮ ಇಟ್ಟುಕೊಳ್ಳಿ, ಎಲ್ಲರಿಗೂ ಹಿತ.

ಗುರುವಾರ

ವಿಯೆನ್ನಾ ದೊಡ್ಡ ನಿಲ್ದಾಣದಿಂದ ಬೆಳಗಿನ ರೈಲ್‌ಜೆಟ್ ಹತ್ತಿದೆವು. ಹೆಗ್ಯೆಶ್‌ಹಾಲೊಮ್ ಬಂತು ಅಂದರೆ ಹಂಗೇರಿ. ಹಂಗೇರಿ 2007ರ ಡಿಸೆಂಬರ್‌ನಿಂದ ಒಂದೇ ವೀಸಾ ನಡೆಯುವ ದೇಶಗಳ ಷೆಂಗೆನ್ ವಲಯದಲ್ಲಿರುವುದರಿಂದ ಗೆಳತಿಯ ಮನೆಯವರು ಆಸ್ಟ್ರಿಯಾಕ್ಕೆ ಅಂತ ತಗೊಂಡಿದ್ದ ಷೆಂಗೆನ್ ವೀಸಾನೇ ಸಾಕು. ಆದರೂ ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು, ಮನೆಯಲ್ಲಿ ಬಿಟ್ಟು ಹೋಗಬಾರದು. ದುಡ್ಡು ಮಾತ್ರ ಬೇರೆ, ಅಲ್ಲಿ ಯೂರೋ ಅಲ್ಲ, ಫೋರಿಂಟ್.

ತಾತಾಬಾನ್ಯಾ ಊರಿನ ಹತ್ತಿರ ಬಲಗಡೆಯೋ ಎಡಗಡೆಯೋ ಅಂತ ಎಲ್ಲರೂ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದೆವು. ಅಲ್ಲಿ ಬೆಟ್ಟದ ಮೇಲೆ ರೆಕ್ಕೆ ಬಿಚ್ಚಿದ ದೊಡ್ಡ ಕಂಚಿನ ಹಕ್ಕಿ ಇದೆ. ತುರುಲ್ ಅಂತ ಅದರ ಹೆಸರು. ಹಂಗೇರಿಯವರ ಪುರಾಣದ ಗಿಡುಗ. 1907ರಲ್ಲಿ ನಿಲ್ಲಿಸಿದ್ದು, ರೆಕ್ಕೆಯಿಂದ ರೆಕ್ಕೆಗೆ ಸುಮಾರು 15 ಮೀಟರ್. ಮೊದಲು ಕಂಡುಹಿಡಿದವರು ಅಮ್ಮ.

ರೈಲು ಇಳಿದಿದ್ದು ಕೆಲೆತಿ ನಿಲ್ದಾಣದಲ್ಲಿ. 1884ರ ಕಟ್ಟಡ. ಹೊರಗೆ ಬಂದು ಒಮ್ಮೆ ತಿರುಗಿ ನೋಡಬೇಕು, ಮುಂಭಾಗದಲ್ಲಿ ಜೇಮ್ಸ್ ವಾಟ್ ಮತ್ತು ಜಾರ್ಜ್ ಸ್ಟೀಫನ್‌ಸನ್ ಇಬ್ಬರ ಪ್ರತಿಮೆಗಳಿವೆ. ರಾಜರನ್ನೋ ಸಂತರನ್ನೋ ಇಡುವ ಜಾಗದಲ್ಲಿ ಉಗಿ ಯಂತ್ರದವರನ್ನು ಇಟ್ಟಿದ್ದಾರೆ. ಗೆಳತಿಯ ಗಂಡ ಮೆಕ್ಯಾನಿಕಲ್ ಎಂಜಿನಿಯರ್, ಅಲ್ಲಿಂದ ಕದಲಲೇ ಇಲ್ಲ.

ಮನೆ ಹಿಡಿದಿದ್ದು ಪೆಸ್ಟ್ ಕಡೆ, ಲಿಫ್ಟ್ ಇದೆಯಾ ಅಂತ ಕೇಳಿಯೇ ಹಿಡಿದಿದ್ದೆವು. ಸಂಜೆ ಡ್ಯಾನ್ಯೂಬ್ ದಂಡೆಗೆ ಹೋದೆವು. ನದಿಯ ಆ ಕಡೆ ಬುಡಾ, ಗುಡ್ಡ ಮತ್ತು ಅರಮನೆ. ಈ ಕಡೆ ಪೆಸ್ಟ್, ಬಯಲು. ಇವೆರಡೂ ಬೇರೆ ಬೇರೆ ಊರಾಗಿದ್ದವು. ಓಬುಡಾ ಅನ್ನುವ ಮೂರನೆಯದನ್ನೂ ಸೇರಿಸಿ 1873ರಲ್ಲಿ ಒಂದೇ ಊರು ಮಾಡಿದರು. "ನಿನ್ನ ನಲ್ಲಿ ನೀರು ಬಂದ ವರ್ಷ" ಅಂದರು ಅಮ್ಮ. ಇಸವಿಗಳನ್ನು ಅವರು ಹೀಗೇ ಹೊಂದಿಸಿ ನೆನಪಿಟ್ಟುಕೊಳ್ಳುತ್ತಾರೆ.

ಎದುರಿಗೇ ಇದ್ದ ಸರಪಳಿ ಸೇತುವೆಯ ಮೇಲೆ ಅರ್ಧ ದೂರ ನಡೆದೆವು. 1849ರಲ್ಲಿ ತೆರೆದಿದ್ದು, ಇಲ್ಲಿ ಡ್ಯಾನ್ಯೂಬ್‌ಗೆ ಕಟ್ಟಿದ ಮೊದಲ ಕಾಯಂ ಸೇತುವೆ. ವಿನ್ಯಾಸ ಮಾಡಿದ್ದು ವಿಲಿಯಂ ಟಿಯರ್ನಿ ಕ್ಲಾರ್ಕ್, ಇಲ್ಲೇ ನಿಂತು ಕಟ್ಟಿಸಿದ್ದು ಆಡಂ ಕ್ಲಾರ್ಕ್, ಇಬ್ಬರಿಗೂ ನೆಂಟಸ್ತನ ಏನಿಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಇದನ್ನು ಸಿಡಿಸಿತು. ಮತ್ತೆ ಕಟ್ಟಿ 1949ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ತೆರೆದರು. ದೀಪ ಹತ್ತುವ ಹೊತ್ತಿಗೆ ಸೇತುವೆ ಮಧ್ಯದಲ್ಲಿದ್ದೆವು. ಎಲ್ಲರೂ ಒಟ್ಟಿಗೇ "ಅಬ್ಬಾ" ಅಂದೆವು, ಅದರಲ್ಲಿ ನನ್ನ ದನಿಯೂ ಇತ್ತು. ಗೆಳತಿ ನನ್ನ ಮುಖ ನೋಡಿ, "ನೀನೂ ಹಿಂಗೆ ಬಾಯಿ ಬಿಟ್ಕೊಂಡು ನೋಡೋದು ನೋಡೋಕೇ ಚೆಂದ ಕಣೇ" ಅಂದಳು.

ಶುಕ್ರವಾರ

ಬೆಳಗ್ಗೆ ಬೇಗ ಎದ್ದು ಬಿಸಿನೀರಿನ ಸ್ನಾನಕ್ಕೆ ಹೊರಟೆವು. ಅಲ್ಲಿಗೆ ಹೋಗುವ ದಾರಿಯೇ ಒಂದು ಚೆಂದ. ಎಂ1 ಅಂದರೆ ಹಳದಿ ಬಣ್ಣದ ಪುಟ್ಟ ಮೆಟ್ರೋ, 1896ರಲ್ಲಿ ಶುರುವಾದದ್ದು. ಲಂಡನ್ನಿನದು ಇದಕ್ಕಿಂತ ಹಳೆಯದು, ಆದರೆ ಯುರೋಪಿನ ನೆಲಖಂಡದಲ್ಲಿ ನೆಲದಡಿಯ ಮೆಟ್ರೋ ಅಂತ ಮೊದಲು ಬಂದಿದ್ದು ಇದೇ. ರಸ್ತೆಯಿಂದ ಒಂದಿಷ್ಟು ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್, ಅಷ್ಟು ಮೇಲೇ ಇದೆ. ಗೋಡೆಗೆ ಬಿಳಿ ಟೈಲ್ಸ್, ಕಬ್ಬಿಣದ ಕಂಬಗಳಿಗೆ ಹಸಿರು ಬಣ್ಣ, ಮರದ ಚೌಕಟ್ಟಿನಲ್ಲಿ ನಿಲ್ದಾಣದ ಹೆಸರು. ಅಮ್ಮನ ಮಂಡಿಗೆ ಹೇಳಿ ಮಾಡಿಸಿದ ಹಾಗಿತ್ತು.

ಸೇಚೆನಿ ಸ್ನಾನಗೃಹದ ಹತ್ತಿರವೇ ಅದರದೇ ಹೆಸರಿನ ನಿಲ್ದಾಣ. 1913ರಲ್ಲಿ ತೆರೆದ ಹಳದಿ ಬಣ್ಣದ ಅರಮನೆಯಂಥ ಕಟ್ಟಡ. ಈ ಊರಿನ ಕೆಳಗೆ ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ಬುಡಾದ ಬೆಟ್ಟಗಳು ಪೆಸ್ಟ್ ಬಯಲಿಗೆ ತಾಕುವ ಕಡೆ ಭೂಮಿಯಲ್ಲಿ ಒಂದು ಬಿರುಕು ಇದೆ. ಬೆಟ್ಟದ ಸುಣ್ಣಕಲ್ಲಿನಲ್ಲಿ ಇಂಗಿದ ಮಳೆ ನೀರು ಆಳಕ್ಕೆ ಇಳಿದು, ಅಲ್ಲಿ ಕಾದು, ಆ ಬಿರುಕಿನ ಉದ್ದಕ್ಕೂ ಮೇಲೆ ಬರುತ್ತೆ. ಸೇಚೆನಿಯ ನೀರು ಬರುವುದು ಕೊರೆದ ಬಾವಿಗಳಿಂದ, ಮೊದಲನೆಯದು 970 ಮೀಟರ್ ಆಳ, ನೀರಿನ ಬಿಸಿ 74 ಡಿಗ್ರಿ. ಅದನ್ನು ಆರಿಸಿ ಕೊಳಗಳಿಗೆ ಬಿಡುತ್ತಾರೆ. ರೋಮನ್ನರೂ ಈ ನೀರಿನಲ್ಲಿ ಮಿಂದರು, 1541ರಿಂದ 1686ರವರೆಗೆ ಬುಡಾ ಆಳಿದ ತುರ್ಕರೂ ಗುಮ್ಮಟದ ಸ್ನಾನಗೃಹಗಳನ್ನು ಕಟ್ಟಿದರು, ಅವುಗಳಲ್ಲಿ ಕೆಲವು ಇನ್ನೂ ಇವೆ.

ಒಳಗೆ ಹೋಗುವಾಗ ಕೈಗೆ ಒಂದು ಪಟ್ಟಿ ಕೊಡುತ್ತಾರೆ, ಅದೇ ಟಿಕೆಟ್ಟು, ಅದೇ ಲಾಕರಿನ ಬೀಗದ ಕೈ. ಚಪ್ಪಲಿ, ಟವೆಲ್ ನಾವೇ ಒಯ್ದಿದ್ದೆವು. ಅಮ್ಮನಿಗೆ ಅಂತ ಗೆಳತಿ ಉದ್ದ ತೋಳಿನ, ಮಂಡಿ ಮುಚ್ಚುವ ಈಜುಡುಗೆ ಮೊದಲೇ ತಂದಿದ್ದಳು. ಬರುವ ಮುಂಚೆ ಡಾಕ್ಟರನ್ನೂ ಕೇಳಿಕೊಂಡು ಬಂದಿದ್ದರು.

ಅಕ್ಟೋಬರ್ ಬೆಳಗು, ಹೊರಗೆ ಚಳಿ. ತೆರೆದ ಕೊಳದ ಮೇಲೆ ಹಬೆ ಎಷ್ಟು ದಟ್ಟ ಅಂದರೆ ಎದುರಿನ ದಡ ಕಾಣಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ ಅಮ್ಮ, ನೀರು ಸೊಂಟಕ್ಕೆ ಬಂದಾಗ ನಿಂತುಬಿಟ್ಟರು. ಎದೆ ಮಟ್ಟಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿ ವಯಸ್ಸಾದ ಇಬ್ಬರು ಗಂಡಸರು ನೀರಲ್ಲೇ ನಿಂತು ಚೆಸ್ ಆಡುತ್ತಿದ್ದರು. ಒಬ್ಬರು ಕುದುರೆ ಎತ್ತಿ ಹಿಡಿದು ಯೋಚಿಸುತ್ತಾ ಇದ್ದರು, ಕೈಯಿಂದ ನೀರು ತೊಟ್ಟಿಕ್ಕಿ ಬೋರ್ಡಿನ ಮೇಲೆ ಬೀಳುತ್ತಿತ್ತು, ಇನ್ನೊಬ್ಬರು ಅದನ್ನು ಬೆರಳಿನಿಂದ ಒರೆಸಿ ಹಾಕುತ್ತಿದ್ದರು. ಅಮ್ಮ ಆಟ ನೋಡುತ್ತಾ ನಿಂತರು. ಒಂದೇ ಸಮನೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ ಅಂತ ಹೊರಗೆ ಕರೆತರುವುದು ಗೆಳತಿಗೆ ಸಾಕುಸಾಕಾಯಿತು. ಸ್ವಲ್ಪ ಹೊತ್ತು ಕೂತು ಮತ್ತೆ ಇಳಿದರು.

ಮಧ್ಯಾಹ್ನ ಮನೆಗೆ ಬಂದು ಎಲ್ಲರೂ ಮಲಗಿಬಿಟ್ಟೆವು. ಸಂಜೆ ಬೇರೇನೂ ಮಾಡಲಿಲ್ಲ, ಅದರ ಬಗ್ಗೆ ಯಾರಿಗೂ ಬೇಜಾರಿಲ್ಲ.

ಶನಿವಾರ

ದೊಡ್ಡ ಮಾರ್ಕೆಟ್ ಶನಿವಾರ ಬೇಗ ಮುಚ್ಚುತ್ತೆ, ಅದಕ್ಕೆ ಬೆಳಗ್ಗೆಯೇ ಹೋದೆವು. 1897ರ ಕಟ್ಟಡ, ಬಣ್ಣದ ಹೆಂಚಿನ ಛಾವಣಿ, ಒಳಗೆ ಕಬ್ಬಿಣದ ತೊಲೆಗಳು. ಕೆಳಗೆ ತರಕಾರಿ, ಮಾಂಸ, ಸರ ಮಾಡಿ ತೂಗುಹಾಕಿದ ಕೆಂಪು ಮೆಣಸಿನಕಾಯಿ. ಪಾಪ್ರಿಕಾ ಪುಡಿಯಲ್ಲಿ ಸಿಹಿಯದು, ಖಾರದ್ದು ಅಂತ ಬೇರೆ ಬೇರೆ ಇದೆ, ಕೇಳಿಯೇ ತಗೋಬೇಕು.

ಊಟದ ವಿಷಯ ಒಂದೆರಡು ಮಾತು. ನಮ್ಮಲ್ಲಿ ಮಾಂಸ ತಿನ್ನದವರು ಜಾಸ್ತಿ, ಹಂಗೇರಿಯಲ್ಲಿ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಗೆಳತಿ ಹುಡುಕಿ ಹುಡುಕಿ ದಾರಿ ಮಾಡಿದಳು. ಫೊಜೆಲೇಕ್ ಅಂತ ಒಂದಿದೆ, ತರಕಾರಿ ಬೇಯಿಸಿ ಗಟ್ಟಿ ಮಾಡಿದ್ದು, ನಮ್ಮ ಕೂಟಿನ ಅಣ್ಣತಮ್ಮ ಅನ್ನಬಹುದು. ಮೇಲೆ ಮೊಟ್ಟೆಯೋ ಮಾಂಸವೋ ಹಾಕುತ್ತಾರೆ, ಅದು ಬೇಡ ಅಂದರೆ ಆಯಿತು. ಅಣಬೆಯ ಪಾಪ್ರಿಕಾಶ್ ಸಿಗುತ್ತೆ, ಜೊತೆಗೆ ಹಿಟ್ಟಿನ ಪುಟ್ಟ ಉಂಡೆಗಳು. ಆದರೆ ಇಲ್ಲಿ ಹಂದಿ ಕೊಬ್ಬಿನಲ್ಲಿ ಅಡುಗೆ ಮಾಡುವುದು ಸಾಮಾನ್ಯ, ಯಾವ ಎಣ್ಣೆ ಅಂತ ಕೇಳಲೇಬೇಕು. ಮಾರ್ಕೆಟ್ಟಿನ ಮೇಲಿನ ಅಂತಸ್ತಿನಲ್ಲಿ ಲಾಂಗೋಶ್ ತಿಂದೆವು. ಕರಿದ ಹಿಟ್ಟಿನ ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮು, ತುರಿದ ಚೀಸು. ಬಿಸಿ ಇರುವಾಗಲೇ ತಿನ್ನಬೇಕು.

ಮಾರ್ಕೆಟ್ ಪಕ್ಕದಲ್ಲೇ ಹಸಿರು ಬಣ್ಣದ ಸ್ವಾತಂತ್ರ್ಯ ಸೇತುವೆ. ಅದರ ಕಂಬಗಳ ತುದಿಯಲ್ಲಿ ಕೂತಿರುವುದು ಯಾರು? ಅದೇ ತುರುಲ್. ರೈಲಿನಿಂದ ನೋಡಿದ ಹಕ್ಕಿಯನ್ನು ಗುರುತು ಹಿಡಿದು ಎಲ್ಲರೂ ಕೈ ತೋರಿಸಿದೆವು.

ಅಲ್ಲಿಂದ 2ನೇ ನಂಬರ್ ಟ್ರಾಮ್. ಪೆಸ್ಟ್ ದಂಡೆಯ ಉದ್ದಕ್ಕೂ ನದಿಗೆ ಅಂಟಿಕೊಂಡೇ ಹೋಗುತ್ತೆ, ನದಿ ಕಡೆಯ ಕಿಟಕಿ ಸಿಕ್ಕಿದರೆ ಊರಿನ ಅರ್ಧ ಚೆಂದ ಕೂತಲ್ಲೇ ನೋಡಬಹುದು. ನಡೆಯೋಕೆ ಆಗದವರಿಗೆ ನಾನು ಮೊದಲು ಹೇಳುವುದೇ ಈ ಟ್ರಾಮು.

ಸಂಸತ್ ಭವನಕ್ಕೆ ಮೊದಲೇ ಟಿಕೆಟ್ ಮಾಡಿಸಿದ್ದೆವು. ಗುಮ್ಮಟದ ಎತ್ತರ 96 ಮೀಟರ್. ಹಂಗೇರಿಯವರು ಈ ನೆಲಕ್ಕೆ ಬಂದರು ಅಂತ ಲೆಕ್ಕ ಹಿಡಿಯುವ ವರ್ಷ 896, ಅದರ ನೆನಪಿಗೆ. ಗುಮ್ಮಟದ ಕೆಳಗೆ ರಾಜಮುಕುಟ ಇದೆ, ಅದರ ತುದಿಯ ಶಿಲುಬೆ ವಾಲಿಕೊಂಡಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದವರ ಕೈಗೆ ಹೋದ ಇದು ಎಷ್ಟೋ ವರ್ಷ ಅಲ್ಲಿನ ಚಿನ್ನದ ಭಂಡಾರ ಫೋರ್ಟ್ ನಾಕ್ಸ್‌ನಲ್ಲಿತ್ತು, 1978ರಲ್ಲಿ ವಾಪಸ್ ಬಂತು. ಅಮ್ಮನಿಗೆ ಮುಕುಟಕ್ಕಿಂತ ಇಷ್ಟವಾಗಿದ್ದು ಸಭಾಂಗಣದ ಹೊರಗೆ ಕಿಟಕಿ ಪಕ್ಕ ಇರುವ ಹಿತ್ತಾಳೆಯ ಪಟ್ಟಿ. ಸಾಲಾಗಿ ಗುಳಿಗಳು, ಒಂದೊಂದಕ್ಕೂ ನಂಬರ್. ಸದಸ್ಯರು ಭಾಷಣ ಕೇಳೋಕೆ ಒಳಗೆ ಹೋಗುವಾಗ ಸೇದುತ್ತಿದ್ದ ಸಿಗಾರನ್ನು ಅಲ್ಲಿ ಇಟ್ಟು ಹೋಗುತ್ತಿದ್ದರಂತೆ.

ಹೊರಗೆ ಬಂದು ದಂಡೆಯಲ್ಲಿ ಸ್ವಲ್ಪ ದೂರ ನಡೆದರೆ ಕಬ್ಬಿಣದ ಚಪ್ಪಲಿ, ಬೂಟುಗಳು. 60 ಜೊತೆ. ಜಾನ್ ತೊಗಾಯ್ ಮತ್ತು ಗ್ಯೂಲಾ ಪೌಯರ್ 2005ರಲ್ಲಿ ಮಾಡಿದ ಸ್ಮಾರಕ. 1944-45ರ ಚಳಿಗಾಲದಲ್ಲಿ ನಾಜಿಗಳ ಜೊತೆಗಿದ್ದ ಹಂಗೇರಿಯ ಆರೋ ಕ್ರಾಸ್ ಪಡೆಯವರು ಯಹೂದಿಗಳನ್ನು ಇಲ್ಲಿಗೆ ತಂದು, ಬೂಟು ಬಿಚ್ಚಿಸಿ, ನದಿಯ ಅಂಚಿನಲ್ಲಿ ನಿಲ್ಲಿಸಿ ಗುಂಡು ಹಾರಿಸಿದರು. ಬೂಟಿಗೆ ಆಗ ಬೆಲೆ ಇತ್ತು. ತುಕ್ಕು ಹಿಡಿದ ಒಂದು ಹೆಂಗಸಿನ ಚಪ್ಪಲಿ, ಹಿಮ್ಮಡಿ ಒಂದು ಕಡೆ ಸವೆದಿದೆ. ಅದರ ಹತ್ತಿರ ಮಗುವಿನ ಪುಟ್ಟ ಬೂಟು, ಒಳಗೆ ಯಾರೋ ಇಟ್ಟ ಬೆಣಚುಕಲ್ಲು, ಒಣಗಿದ ಹೂವು. ಕೆಲವರು ಅದರ ಪಕ್ಕ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು. ದಯವಿಟ್ಟು ಹಾಗೆ ಮಾಡಬೇಡಿ. ನಾವು ಫೋಟೋ ತೆಗೆಯಲಿಲ್ಲ. ಮನೆಗೆ ಹೋಗುವ ತನಕ ಜಾಸ್ತಿ ಮಾತೂ ಆಡಲಿಲ್ಲ.

ಭಾನುವಾರ

ಬುಡಾ ಕಡೆಗೆ. ಗುಡ್ಡ ಹತ್ತುವುದು ಬೇಡ, 16ನೇ ನಂಬರ್ ಬಸ್ಸು ಸರಪಳಿ ಸೇತುವೆ ದಾಟಿ ನೇರ ಕೋಟೆಯೊಳಗೆ ಬಿಡುತ್ತೆ. ಮಾತ್ಯಾಶ್ ಚರ್ಚಿನ ಬಣ್ಣದ ಹೆಂಚು ನೋಡಿ, ಪಕ್ಕದ ಮೀನುಗಾರರ ಬುರುಜಿಗೆ ಹೋದೆವು. ಏಳು ಗೋಪುರ, ಹಂಗೇರಿಯ ಏಳು ಮೂಲ ಬುಡಕಟ್ಟುಗಳಿಗೆ ಒಂದೊಂದು. ಜನ ಜಾಸ್ತಿ. ನೋಟ ಚೆನ್ನಾಗಿದೆ, ಆದರೆ ನಮ್ಮ ಮನಸ್ಸೆಲ್ಲಾ ಮುಂದಿನ ಜಾಗದಲ್ಲಿತ್ತು.

ಕೆಳಗಿಳಿದು ನದಿ ಪಕ್ಕದ ಟ್ರಾಮ್ ಹಿಡಿದು ಸಿಲಾದಿ ದೆಜೊ ಚೌಕಕ್ಕೆ ಬಂದೆವು. ಸಣ್ಣ ಚೌಕ. ಮಧ್ಯದಲ್ಲಿ ಕೆಂಪು ಇಟ್ಟಿಗೆಯ ಚರ್ಚು, ಶಾಮು ಪೆಟ್ಸ್ ಕಟ್ಟಿದ್ದು, ನಿನ್ನೆ ನೋಡಿದ ಮಾರ್ಕೆಟ್ಟೂ ಅವರದೇ ವಿನ್ಯಾಸ. ಎದುರು ದಡದಲ್ಲಿ ಸಂಸತ್ ಭವನ. 4ನೇ ನಂಬರಿನ ಮನೆ. 1913ರ ಜನವರಿ 30ರಂದು ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಇಲ್ಲೇ. ಅಮೃತಾ ತಂದೆ ಪಂಜಾಬಿನ ಸಿಖ್ಖರು, ತಾಯಿ ಹಂಗೇರಿಯವರು. 1920ರ ದಶಕದಲ್ಲಿ ಸಂಗೀತಗಾರ ಬೇಲಾ ಬಾರ್ತೋಕ್ ಕೂಡ ಇದೇ ಕಟ್ಟಡದಲ್ಲಿ ವಾಸವಾಗಿದ್ದರು.

ಅಮ್ಮ ಚೌಕದ ಬೆಂಚಿನ ಮೇಲೆ ಕೂತು ಕಟ್ಟಡವನ್ನೇ ನೋಡಿದರು. ಆಮೇಲೆ ತಾವಾಗಿಯೇ ಶುರು ಮಾಡಿದರು. ಅಮೃತಾ ಕುಟುಂಬ 1921ರಲ್ಲಿ ಶಿಮ್ಲಾಕ್ಕೆ ಹೋಗಿದ್ದು, ಪ್ಯಾರಿಸಿನಲ್ಲಿ ಕಲಿತಿದ್ದು, ಅಜಂತಾ ನೋಡಿದ ಮೇಲೆ ಕುಂಚವೇ ಬದಲಾಗಿದ್ದು, ದಕ್ಷಿಣ ಭಾರತ ಸುತ್ತಿ ಬಂದು ಬರೆದ ಚಿತ್ರಗಳು, 1941ರಲ್ಲಿ ಲಾಹೋರಿನಲ್ಲಿ ಬರೀ 28ನೇ ವಯಸ್ಸಿಗೆ ತೀರಿಕೊಂಡಿದ್ದು. "ಮಕ್ಕಳಿಗೆ ಕಪ್ಪು ಬಿಳುಪಿನ ಪುಸ್ತಕದಲ್ಲಿ ಅವಳ ಚಿತ್ರ ತೋರಿಸ್ತಿದ್ದೆ. ಆ ಕೆಂಪು ಎಂಥಾ ಕೆಂಪು ಅಂತ ಬಾಯಲ್ಲೇ ಹೇಳಬೇಕಿತ್ತು" ಅಂದರು. ನಾವೆಲ್ಲಾ ಸುತ್ತ ನಿಂತು ಕೇಳಿದೆವು. ಗೆಳತಿಗೇ ಇದರಲ್ಲಿ ಅರ್ಧ ಗೊತ್ತಿರಲಿಲ್ಲ. ಈ ಪ್ರವಾಸದಲ್ಲಿ ನಮಗೆ ಸಿಕ್ಕಿದ ಅತ್ಯಂತ ಒಳ್ಳೆಯ ಗೈಡ್ ಅಮ್ಮನೇ.

ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಮನೆಯ ಮುಂಭಾಗ ಬರೆಯೋಕೆ ಕೂತರು. ಮೊದಲು ಕಿಟಕಿಗಳ ಸಾಲು, ಆಮೇಲೆ ಬಾಗಿಲು, ಕೊನೆಗೆ ಪಕ್ಕದ ಚರ್ಚಿನ ಮೊನಚು. ಚಿತ್ರ ಮುಗಿಯುವ ತನಕ ಯಾರಿಗೂ ಹೊರಡುವ ಮನಸ್ಸಿರಲಿಲ್ಲ. ಆಮೇಲೆ ಹತ್ತಿರದ ಬಾತ್ಯಾನಿ ಚೌಕಕ್ಕೆ ಹೋಗಿ ಮೆಟ್ರೋ ಹಿಡಿದು, ಚೀಲ ತಗೊಂಡು, ಸಂಜೆಯ ರೈಲಿಗೆ ವಿಯೆನ್ನಾಕ್ಕೆ ವಾಪಸ್.

ಸೋಮವಾರ

ಬಟ್ಟೆ ಒಗೆಯೋದು, ಸಾಮಾನು ಕಟ್ಟೋದು. ಖರ್ಚಿನ ಲೆಕ್ಕ ಚುಕ್ತಾ ಆಯಿತು. ಗೆಳತಿ ಅರಮನೆ ಒಳಗೆ ನೋಡಬೇಕು ಅಂತ ಗಂಡನ ಜೊತೆ ಷೋನ್‌ಬ್ರುನ್‌ಗೆ ಹೋಗಿ ಬಂದಳು, ದಾರಿ ಅವಳಿಗೇ ಗೊತ್ತಿತ್ತು, ನಾನು ಹೋಗಲಿಲ್ಲ. ನಾನು ಮತ್ತು ಅಮ್ಮ ಮನೆಯಲ್ಲೇ ಕೂತು ಮುಂದಿನ ಸಲದ ಊರು ಹುಡುಕಿದೆವು. ಅವರು ಹಾಕಿದ ಷರತ್ತು ಎರಡು: ನಾವ್ಯಾರೂ ನೋಡಿರಬಾರದು, ಬಿಸಿನೀರಿನ ಬುಗ್ಗೆ ಇರಬೇಕು. ಸದ್ಯಕ್ಕೆ ಚೆಕ್ ದೇಶದ ಕಾರ್ಲೊವಿ ವಾರಿ ಪಟ್ಟಿಯಲ್ಲಿ ಮೊದಲಿದೆ.